ಧನುರ್ಮಾಸದ ನೆಂಟರು

ಡಿಸೆಂಬರ್ ತಿಂಗಳ ಕೊನೆಯ ವಾರದ ರಜವನ್ನು ನಮ್ಮ ಹಿರಿಯರು ಕೇಳಿ ಪಡೆದದ್ದಲ್ಲ. ಕಚೇರಿ, ಕೋರ್ಟು, ಬ್ಯಾಂಕು, ಕಾಲೇಜುಗಳ ಬೆನ್ನಿಗೆ ಅದು ತಾನಾಗಿ ಬಂದದ್ದು. ಯುಗಾದಿಗೆ ಬೇವು, ಗೌರಿಗೆ ಬಾಗಿನ, ದಸರೆಗೆ ಬೊಂಬೆ, ದೀಪಾವಳಿಗೆ ಎಣ್ಣೆನೀರು ಎಂದು ನಮ್ಮ ಹಬ್ಬಗಳಿಗೆ ಒಂದೊಂದು ಗುರುತು ಇರುವಂತೆ ಈ ರಜಕ್ಕೆ ನಮ್ಮ ಬಹುಪಾಲು ಮನೆಗಳಲ್ಲಿ ಯಾವ ಗುರುತೂ ಇರಲಿಲ್ಲ. ಎಂಟು ಹತ್ತು ದಿನಗಳ ಬಿಡುವು ಸಿಕ್ಕಿತು. ಅದರಲ್ಲಿ ಏನು ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಕನ್ನಡ ನಾಡಿನ ಓದುಬರಹ ಬಲ್ಲ ಜನ ಆ ಬಿಡುವಿನಲ್ಲಿ ನೆಂಟರ ಮನೆಗೆ ಹೋದರು, ಹಳೆಯ ಗೆಳೆಯರ ಮನೆಗೆ ಹೋದರು. ಇಷ್ಟು ಸಾಮಾನ್ಯವಾದ ಸಂಗತಿಗೆ ಚರಿತ್ರೆಯುಂಟೇ ಎಂದು ಕೇಳುವವರು ಇರಬಹುದು. ಉಂಟು. ನೂರು ನೂರಿಪ್ಪತ್ತು ವರ್ಷಗಳ ಕಾಲ ನಡೆದುಬಂದು, ನನ್ನ ವಯಸ್ಸಿನವರ ಕಣ್ಣೆದುರಿನಲ್ಲಿಯೇ ಸವೆದುಹೋಗುತ್ತಿರುವ ಒಂದು ಪದ್ಧತಿ ಅದು.

ಆ ರಜದ ಕಾನೂನಿನ ಬೇರನ್ನು ಹುಡುಕಿದರೆ ಅದು ಸಿಕ್ಕುವುದು ಸ್ವಲ್ಪ ವಿಚಿತ್ರವಾದ ಜಾಗದಲ್ಲಿ. ಹುಂಡಿ, ಚೆಕ್ಕು, ಪ್ರಾಮಿಸರಿ ನೋಟುಗಳ ವ್ಯವಹಾರಕ್ಕಾಗಿ ಬ್ರಿಟಿಷ್ ಸರ್ಕಾರ ೧೮೮೧ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಹಣ ಸಲ್ಲಿಸಬೇಕಾದ ಗಡುವು ರಜದ ದಿನ ಬಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿ ಬರುತ್ತದೆ. ಅದರ ಹಿಂದಿನ ವ್ಯವಹಾರದ ದಿನವೇ ಸಲ್ಲಿಸಬೇಕು ಎಂಬುದು ಕಾಯಿದೆಯ ಉತ್ತರ. ಹಾಗೆ ಹೇಳಬೇಕಾದರೆ ಸಾರ್ವಜನಿಕ ರಜ ಯಾವುದೆಂದು ಮೊದಲು ಹೇಳಬೇಕಷ್ಟೆ. ಭಾನುವಾರಗಳು, ಹೊಸವರ್ಷದ ದಿನ, ಕ್ರಿಸ್‌ಮಸ್, ಗುಡ್ ಫ್ರೈಡೆ ಎಂದು ಅದು ಹೆಸರಿಸಿತು, ಉಳಿದವನ್ನು ಸರ್ಕಾರದ ಪ್ರಕಟಣೆಗೆ ಬಿಟ್ಟಿತು. ಸಾಲಗಾರನ ಗಡುವನ್ನು ಗೊತ್ತುಮಾಡಲು ಹೊರಟ ಕಾಯಿದೆಯ ಒಳಗೆ ನಮ್ಮ ಬಿಡುವಿನ ಲೆಕ್ಕವೂ ಸೇರಿಕೊಂಡಿತು. ಅದೇ ೧೮೮೧ರಲ್ಲಿ ಮೈಸೂರು ರಾಜ್ಯ ಐವತ್ತು ವರ್ಷಗಳ ಕಮಿಷನರುಗಳ ಆಡಳಿತದಿಂದ ಬಿಡುಗಡೆಯಾಗಿ ಒಡೆಯರಿಗೆ ಹಿಂತಿರುಗಿತು. ಅರಸರು ಬಂದರೂ ಕಚೇರಿಯ ರೂಢಿಗಳು ಹಿಂದಿನಂತೆಯೇ ಉಳಿದವು. ಕ್ರಿಸ್‌ಮಸ್ಸಿಗೂ ಹೊಸವರ್ಷಕ್ಕೂ ನಡುವಣ ದಿನಗಳನ್ನು ಜೋಡಿಸಿ ಕೋರ್ಟುಗಳೂ ಕಾಲೇಜುಗಳೂ ಬಾಗಿಲು ಹಾಕುವುದು ವಾಡಿಕೆಯಾಯಿತು.

ಈ ರಜ ನಮ್ಮ ಪಂಚಾಂಗದ ಯಾವ ಭಾಗದಲ್ಲಿ ಬಂದು ಬಿತ್ತು ಎಂಬುದನ್ನು ಗಮನಿಸಬೇಕು. ಡಿಸೆಂಬರ್ ನಡುವಿನಲ್ಲಿ ಸೂರ್ಯ ಧನುಸ್ಸನ್ನು ಹೊಗುತ್ತಾನೆ, ಸಂಕ್ರಾಂತಿಯವರೆಗೆ ಧನುರ್ಮಾಸ. ಬೆಳಗಿನ ಜಾವದ ಪೂಜೆಗೆ ಅದು ಶ್ರೇಷ್ಠ, ಲೌಕಿಕದ ಶುಭಕಾರ್ಯಗಳಿಗೆ ವರ್ಜ್ಯ. ಮದುವೆಯಿಲ್ಲ, ಉಪನಯನವಿಲ್ಲ, ಗೃಹಪ್ರವೇಶವಿಲ್ಲ. ನಮ್ಮಲ್ಲಿ ಜನ ಊರಿಂದೂರಿಗೆ ಹೋಗುತ್ತಿದ್ದುದು ಯಾವುದಕ್ಕೆ? ಮದುವೆಗೆ, ಸೀಮಂತಕ್ಕೆ, ಜಾತ್ರೆಗೆ, ತಿಥಿಗೆ, ಆಸ್ತಿಯ ಪಾಲಿಗೆ. ಮಗಳು ತವರಿಗೆ ಬರಬೇಕಾದರೂ ಗೌರಿ ಹಬ್ಬ ಬರಬೇಕು, ಇಲ್ಲವೇ ಬಸುರಿಯಾಗಬೇಕು. ಪ್ರತಿಯೊಂದು ಪ್ರಯಾಣಕ್ಕೂ ಒಂದು ಕಾರಣ. ಪ್ರತಿಯೊಂದು ಕಾರಣಕ್ಕೂ ಒಂದು ಉಡುಗೊರೆ, ಒಂದು ಮರ್ಯಾದೆ, ಅದು ತಪ್ಪಿದರೆ ಒಂದು ಮನಸ್ತಾಪ. ಕಾರಣಗಳೆಲ್ಲ ನಿಷಿದ್ಧವಾದ ತಿಂಗಳಲ್ಲಿಯೇ ಪರದೇಶದವರ ಹಬ್ಬ ನಮ್ಮವರಿಗೆ ಬಿಡುವು ಕೊಟ್ಟಿತು. ಬೀಗರ ಮನೆಗೆ ಬೀಗರಾಗಿ ಹೋಗದೆ ಸುಮ್ಮನೆ ಹೋಗುವ, ಮುಯ್ಯಿಯ ಲೆಕ್ಕವಿಲ್ಲದೆ ನಾಲ್ಕು ದಿನ ಇದ್ದು ಬರುವ ಅಭ್ಯಾಸ ನಮ್ಮ ಮಧ್ಯಮ ವರ್ಗಕ್ಕೆ ಬಂದದ್ದು ಈ ಆಕಸ್ಮಿಕದಿಂದ ಎಂದು ನಾನು ತಿಳಿದಿದ್ದೇನೆ.

ಪಾಠ ಹೇಳಿದ ಚಪಲದಿಂದ ಇಲ್ಲಿ ಒಂದೆರಡು ಶಬ್ದಗಳ ವಿಚಾರ. ಹೇಳಿಕೇಳಿ ಬರದವನು, ಬರುವ ತಿಥಿ ಗೊತ್ತಿಲ್ಲದವನು ಅತಿಥಿ ಎಂದು ನಾವೆಲ್ಲ ಕೇಳಿದ್ದೇವೆ. ಮನುಸ್ಮೃತಿ ಕೊಡುವ ವಿವರಣೆ ಬೇರೆ. ಒಂದು ರಾತ್ರಿ ಮಾತ್ರ ತಂಗುವವನು, ನಿತ್ಯವಾಗಿ ನಿಲ್ಲದವನು ಅತಿಥಿ ಎಂದು ಅದು ಹೇಳುತ್ತದೆ. ರಜದ ನೆಂಟನಿಗೆ ಈ ಎರಡೂ ಹೊಂದುವುದಿಲ್ಲ. ಅವನು ಬರುವ ತಾರೀಖು ಮನೆಯ ಮಕ್ಕಳಿಗೆಲ್ಲ ಗೊತ್ತು. ಒಂದು ರಾತ್ರಿಗೆ ಹೊರಡುವವನೂ ಅಲ್ಲ. ಅವನಿಗೆ ಕನ್ನಡದ ನೆಂಟ ಎಂಬ ಮಾತೇ ಸರಿ. ಹಳಗನ್ನಡದಲ್ಲಿ ಅದು ನಂಟ. ನಂಟು, ನಣ್ಪು ಎಂಬ ಮಾತುಗಳ ಒಡಹುಟ್ಟು. ನಣ್ಪು ಎಂದರೆ ಪ್ರೀತಿ, ಸ್ನೇಹ. ಇದೇ ಬೇರಿನಿಂದ ಹೊರಟ ತಮಿಳಿನ ನಣ್ಬನ್ ಎಂಬ ಮಾತಿಗೆ ಗೆಳೆಯನೆಂದು ಅರ್ಥ. ಒಂದೇ ಬೇರು ಅಲ್ಲಿ ಗೆಳೆಯನಾಗಿ ಚಿಗುರಿತು, ಇಲ್ಲಿ ಬಂಧುವಾಗಿ ಬಲಿಯಿತು. ನೆಂಟರನ್ನೂ ಹಳೆಯ ಗೆಳೆಯರನ್ನೂ ಒಂದೇ ರಜದಲ್ಲಿ, ಒಂದೇ ಚೀಲ ಹಿಡಿದು ನೋಡಿಬರುತ್ತಿದ್ದ ನಮ್ಮ ಹಿರಿಯರು ಭಾಷೆಗೆ ವಿರೋಧವಾಗಿ ನಡೆದವರಲ್ಲ.

ಬಿಡುವು ಇದ್ದರೆ ಸಾಲದು, ದಾರಿಯೂ ಬೇಕು. ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದದ್ದು ೧೮೬೪ರಲ್ಲಿ. ಬೆಂಗಳೂರು ಮೈಸೂರುಗಳ ನಡುವಣ ದಾರಿ ೧೮೮೨ರ ಹೊತ್ತಿಗೆ ಮುಗಿಯಿತು. ಧಾತು ಈಶ್ವರ ಸಂವತ್ಸರಗಳ ಮಹಾ ಬರಗಾಲದಲ್ಲಿ, ಎಂದರೆ ೧೮೭೬-೭೮ರಲ್ಲಿ, ಹಸಿದವರಿಗೆ ಕೂಲಿ ಕೊಡುವ ಪರಿಹಾರಕಾರ್ಯವಾಗಿ ಆ ದಾರಿಯ ಮಣ್ಣಿನ ಕೆಲಸ ಮೊದಲಾಯಿತು. ಮದ್ದೂರಿನಲ್ಲಿ ವಡೆ ಕೊಂಡು ತಿನ್ನುತ್ತ ರಜಕ್ಕೆ ಹೊರಟ ನಮಗೆ ಆ ಏರಿಯ ಮಣ್ಣನ್ನು ಹೊತ್ತವರ ನೆನಪು ಬಂದದ್ದು ಅಪರೂಪ. ೧೮೮೨ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಧಾರವಾಡವನ್ನು ಕೇಂದ್ರ ಮಾಡಿಕೊಂಡು ಹಳಿಗಳನ್ನು ಹರಡಿತು. ಬೀರೂರಿನಿಂದ ಶಿವಮೊಗ್ಗಕ್ಕೆ ೧೮೮೯ರಲ್ಲಿ ಕವಲು ಹೊರಟಿತು. ಇದಕ್ಕೆ ಮುಂಚೆಯೇ, ೧೮೭೯ರ ಜುಲೈ ಒಂದರಂದು, ಕಾಲಾಣೆಯ ಅಂಚೆ ಕಾರ್ಡು ಬಂದಿತ್ತು. ರೈಲಿನಷ್ಟೇ ಇದೂ ಮುಖ್ಯವಾದದ್ದು. “೨೪ನೆಯ ತಾರೀಖಿನ ರಾತ್ರಿ ಗಾಡಿಗೆ ಬರುತ್ತೇವೆ” ಎಂಬ ಒಂದು ಸಾಲನ್ನು ಕಾಲಾಣೆಗೆ ಕಳುಹಿಸಬಹುದಾದ ಮೇಲೆ ಹೋಗುವವರ ಸಂಕೋಚ ಕಡಿಮೆಯಾಯಿತು, ಕಾಯುವವರ ಸಂಭ್ರಮ ಹೆಚ್ಚಿತು.

ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ರಜೆ ಬಂದಾಗ ಶಿವಮೊಗ್ಗ, ತೀರ್ಥಹಳ್ಳಿಗಳ ದಾರಿ ಹಿಡಿದು ಕುಪ್ಪಳಿಗೆ ಹೋಗುತ್ತಿದ್ದ ಸಂಗತಿ ‘ನೆನಪಿನ ದೋಣಿಯಲ್ಲಿ’ ಓದಿದವರಿಗೆ ಗೊತ್ತು. ಆ ದಾರಿಯ ಕಷ್ಟವೂ ಸುಖವೂ ಒಂದು ತಲೆಮಾರಿನ ವಿದ್ಯಾರ್ಥಿಗಳೆಲ್ಲರದು. ನನ್ನ ಕಾಲಕ್ಕೆ ಕಷ್ಟ ಅಷ್ಟಿರಲಿಲ್ಲ. ಮಾನಸಗಂಗೋತ್ರಿಯ ವಿದ್ಯಾರ್ಥಿನಿಲಯದಲ್ಲಿ ಡಿಸೆಂಬರ್ ಎರಡನೆಯ ವಾರದಿಂದಲೇ ರೈಲಿನ ಕನ್ಸೆಷನ್ ಫಾರಂಗಳಿಗೆ ಓಡಾಟ. ಸ್ವಂತ ಊರಿಗೆ ಮಾತ್ರ ಕನ್ಸೆಷನ್ ಎಂಬ ನಿಯಮಕ್ಕೆ ತಲೆಬಾಗಿ, ಬಯಲುಸೀಮೆಯವನು ಮಲೆನಾಡಿನ ಗೆಳೆಯನ ಮನೆಗೆ ಪೂರಾ ಟಿಕೆಟ್ ಕೊಂಡೇ ಹೋಗುತ್ತಿದ್ದ. ಅರಸೀಕೆರೆಯ ಪ್ಲಾಟ್‌ಫಾರಮ್ಮಿನಲ್ಲಿ ಮುಂದಿನ ಮೀಟರ್‌ಗೇಜ್ ಗಾಡಿಗಾಗಿ ಕಾದು, ಶಾಲು ಹೊದ್ದು, ಪಂಪನ ಅರಿಕೇಸರಿ ದೊಡ್ಡವನೋ ಕರ್ಣ ದೊಡ್ಡವನೋ ಎಂದು ವಾದ ಮಾಡಿದ ರಾತ್ರಿಗಳುಂಟು. ತರಗತಿಯಲ್ಲಿ ಕಲಿತದ್ದು ಅಲ್ಲಿ ಇತ್ಯರ್ಥವಾಯಿತು ಎಂದು ಹೇಳಲಾರೆ, ಚಳಿಯಂತೂ ಮರೆತಿತ್ತು.

ಈ ರಜದ ಇನ್ನೊಂದು ಮುಖವನ್ನು ನೋಡದೆ ಅದರ ಚರಿತ್ರೆ ಪೂರ್ಣವಾಗದು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ೧೮೮೫ರಲ್ಲಿ ಹುಟ್ಟಿದ್ದು ಕ್ರಿಸ್‌ಮಸ್ ವಾರದಲ್ಲಿ. ಮೊದಲ ಅಧಿವೇಶನ ಪುಣೆಯಲ್ಲಿ ಸೇರಬೇಕಾಗಿತ್ತು. ಅಲ್ಲಿ ಕಾಲರಾ ಕಾಣಿಸಿಕೊಂಡದ್ದರಿಂದ ಮುಂಬಯಿಗೆ ಬದಲಾಯಿತು. ಡಿಸೆಂಬರ್ ೨೮ರಂದು ಗೋಕುಲದಾಸ ತೇಜಪಾಲ ಸಂಸ್ಕೃತ ಪಾಠಶಾಲೆಯಲ್ಲಿ ಸೇರಿದ ೭೨ ಮಂದಿಯಲ್ಲಿ ವಕೀಲರು, ಪತ್ರಕರ್ತರು, ಉಪಾಧ್ಯಾಯರು ಬಹಳ. ಕೋರ್ಟು ಕಾಲೇಜುಗಳಿಗೆ ಬಿಡುವಿದ್ದಾಗಲ್ಲದೆ ಅಂಥವರು ದೇಶದ ಮೂಲೆ ಮೂಲೆಗಳಿಂದ ಒಂದೆಡೆ ಸೇರುವುದು ಹೇಗೆ? ಮುಂದೆ ನಲವತ್ತು ವರ್ಷಗಳಿಗೂ ಮಿಕ್ಕಿ, ಕೆಲವು ವಿಶೇಷ ಸಂದರ್ಭಗಳ ಹೊರತು, ಕಾಂಗ್ರೆಸ್ಸು ಸೇರಿದ್ದು ವರ್ಷದ ಕೊನೆಯಲ್ಲಿಯೇ. ಸರ್ಕಾರ ತನ್ನ ಹಬ್ಬಕ್ಕೆ ಕೊಟ್ಟ ರಜ ಆ ಸರ್ಕಾರವನ್ನು ಪ್ರಶ್ನಿಸುವ ಕೆಲಸಕ್ಕೆ ಒದಗಿತು.

ಕನ್ನಡಿಗರ ಪಾಲಿಗೆ ಇವುಗಳಲ್ಲಿ ಮರೆಯಲಾಗದ್ದು ೧೯೨೪ರ ಬೆಳಗಾವಿಯ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದ ಒಂದೇ ಕಾಂಗ್ರೆಸ್ಸು ಅದು. ಡಿಸೆಂಬರ್ ೨೬, ೨೭ರಂದು, ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ನಡೆಯಿತು. ಬಿಡಾರಕ್ಕೆ ವಿಜಯನಗರವೆಂದು ಹೆಸರಿಟ್ಟರು, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಕರೆದರು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ಸೇರಿತು. ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಸೀಮೆ, ಮೈಸೂರು, ಕೊಡಗು, ಜೊತೆಗೆ ಹತ್ತಾರು ಸಣ್ಣ ಸಂಸ್ಥಾನಗಳು, ಹೀಗೆ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದು ರಜದಲ್ಲಿ ಒಂದು ಚಪ್ಪರದ ಕೆಳಗೆ ಕುಳಿತರು. ಏಕೀಕರಣದ ಚರಿತ್ರೆಯನ್ನು ಬರೆಯುವವರು ಇಂಥ ಸಭೆಗಳನ್ನೂ ನಿರ್ಣಯಗಳನ್ನೂ ಎಣಿಸುತ್ತಾರೆ, ಎಣಿಸಲೇಬೇಕು. ಅದರ ಪಕ್ಕದಲ್ಲಿ, ಎಣಿಕೆಗೆ ಸಿಕ್ಕದ ಇನ್ನೊಂದು ಏಕೀಕರಣವೂ ನಡೆಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ನನ್ನ ತಾಯಿಯ ತವರು ಬಳ್ಳಾರಿ ಸೀಮೆ. ಮದುವೆಯಾಗಿ ತುಮಕೂರಿನ ಕಡೆಗೆ ಬಂದದ್ದು ೧೯೫೧ರಲ್ಲಿ. ಬಳ್ಳಾರಿ ಆಗಿನ್ನೂ ಮದರಾಸಿನ ಆಡಳಿತದಲ್ಲಿತ್ತು. ಮಗಳನ್ನು ಬೇರೆ ರಾಜ್ಯಕ್ಕೆ ಕೊಟ್ಟೆನೆಂದು ನಮ್ಮ ಅಜ್ಜ ಪೇಚಾಡುತ್ತಿದ್ದರಂತೆ. ಮೇಷ್ಟರಾಗಿದ್ದ ಸೋದರಮಾವ ಆ ವರ್ಷದ ಕ್ರಿಸ್‌ಮಸ್ ರಜದಲ್ಲಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಗಳ ಗಂಟಿನೊಡನೆ ತಂಗಿಯನ್ನು ನೋಡಲು ಬಂದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಏಕೆ ಬಂದರು, ತವರಿನಲ್ಲಿ ಏನೋ ಕೆಟ್ಟದ್ದಾಗಿರಬೇಕು ಎಂದು ನಮ್ಮ ಅಜ್ಜಿ, ಎಂದರೆ ತಂದೆಯ ತಾಯಿ, ಗಾಬರಿಯಾದರಂತೆ. ರಜವಿತ್ತು, ಬಂದೆ ಎಂದು ಮಾವ ಹೇಳಿದರೂ ಅವರು ನಂಬಲು ಎರಡು ದಿನ ಹಿಡಿಯಿತು. ರೊಟ್ಟಿಯನ್ನು ಹೇಗೆ ತಿನ್ನಬೇಕೆಂದು ತಿಳಿಯದೆ ನೀರಿನಲ್ಲಿ ನೆನೆಸಿದರು. ಅವರ ‘ಏನ್ರೀ’ಗೂ ಮಾವನ ‘ಏನವಾ’ಗೂ ಹೊಂದಿಕೆಯಾಗಲು ಎರಡು ರಜಗಳು ಬೇಕಾದವು. ೧೯೫೩ರ ಅಕ್ಟೋಬರ್ ಒಂದರಂದು ಬಳ್ಳಾರಿ ಮೈಸೂರಿಗೆ ಸೇರಿತು, ೧೯೫೬ರ ನವೆಂಬರ್ ಒಂದರಂದು ನಾಡು ಒಂದಾಯಿತು. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಸಜ್ಜೆಯ ಹಿಟ್ಟಿನ ಡಬ್ಬಿಗೆ ಜಾಗ ಸಿಕ್ಕಿತ್ತು.

ಇದೆಲ್ಲ ಹೇಳುವಾಗ ಆ ರಜ ಎಲ್ಲರದೂ ಆಗಿತ್ತೆಂಬ ಭ್ರಮೆ ಹುಟ್ಟಬಾರದು. ಸಂಬಳದ ಕೆಲಸವಿದ್ದವರ, ಓದುವ ಮಕ್ಕಳ ರಜ ಅದು. ೧೯೨೯ರ ಲಾಹೋರ್ ಕಾಂಗ್ರೆಸ್ಸನ್ನು ನಾವು ಪೂರ್ಣ ಸ್ವರಾಜ್ಯದ ನಿರ್ಣಯಕ್ಕಾಗಿ ನೆನೆಯುತ್ತೇವೆ. ಅಲ್ಲಿಯೇ ಇನ್ನೊಂದು ಚಿಕ್ಕ ನಿರ್ಣಯವೂ ಆಯಿತು. ಡಿಸೆಂಬರ್ ಕೊನೆಯಲ್ಲಿ ಸಭೆ ಸೇರಿದರೆ ಬಡವರು ಚಳಿಯ ಬಟ್ಟೆಗಾಗಿ ಹೆಚ್ಚು ಖರ್ಚು ಮಾಡಬೇಕಾಗುತ್ತದೆ, ಆದ್ದರಿಂದ ಅಧಿವೇಶನ ಇನ್ನು ಮುಂದೆ ಫೆಬ್ರವರಿ ಮಾರ್ಚಿನಲ್ಲಿ ನಡೆಯಲಿ ಎಂದು. ಮುಂದಿನ ಅಧಿವೇಶನ ೧೯೩೧ರ ಮಾರ್ಚಿನಲ್ಲಿ ಕರಾಚಿಯಲ್ಲಿ ಸೇರಿತು. ವಕೀಲರ ರಜಕ್ಕೆ ಹೊಂದಿಕೊಂಡಿದ್ದ ಕಾಂಗ್ರೆಸ್ಸು ಬಡವನ ಕಂಬಳಿಯ ಕಡೆಗೆ ನೋಡಲು ನಲವತ್ತನಾಲ್ಕು ವರ್ಷ ಬೇಕಾಯಿತು. ನೋಡಿತಲ್ಲ ಎಂಬುದು ದೊಡ್ಡದು.

ಹಳ್ಳಿಯಲ್ಲಿ ಡಿಸೆಂಬರ್ ಎಂದರೆ ರಾಗಿಯ ಸುಗ್ಗಿ. ಪೇಟೆಯಿಂದ ಬಂದ ನಾವು ಬಿಸಿಲು ಕಾಯಿಸುತ್ತ ಕುಳಿತಿದ್ದರೆ ದೊಡ್ಡಪ್ಪನ ಮನೆಯವರು ಕಣ ಸಾರಿಸಿ, ಮೆದೆ ಕೆಡವಿ, ರೋಣಗಲ್ಲಿಗೆ ಎತ್ತು ಕಟ್ಟಿರುತ್ತಿದ್ದರು. ನಮ್ಮನ್ನು ಎತ್ತಿನ ಹಿಂದೆ ನಡೆಸುತ್ತಿದ್ದುದು ನಮ್ಮ ಸಂತೋಷಕ್ಕೋ ಕೆಲಸಕ್ಕೋ ಆಗ ತಿಳಿಯಲಿಲ್ಲ. ರಾತ್ರಿ ಕಣ ಕಾಯಲು ಮಲಗುವ ಸಡಗರ ನಮಗೆ. ಹುಲ್ಲಿನ ಮೇಲೆ ಇಬ್ಬನಿ ಬಿದ್ದರೆ ನಾಳೆಯ ಕೆಲಸ ತಡವಾಗುತ್ತದೆಂಬ ಚಿಂತೆ ಅವರಿಗೆ. ಒಳಗೆ ಹೆಂಗಸರ ಪಾಡು ಇದಕ್ಕಿಂತ ಗಟ್ಟಿಯಾದದ್ದು. ಧನುರ್ಮಾಸವೆಂದು ನಕ್ಷತ್ರ ಕಾಣುವಾಗಲೇ ತಣ್ಣೀರಿನ ಸ್ನಾನ, ದೇವಸ್ಥಾನದ ಹುಗ್ಗಿ ಬರುವ ಹೊತ್ತಿಗೆ ಬಂದವರಿಗೆಲ್ಲ ಕಾಫಿ, ಆಮೇಲೆ ಮೊರದ ತುಂಬ ಅವರೆಕಾಯಿ ಸುಲಿದು, ನೆನೆಹಾಕಿ, ಒಂದೊಂದೇ ಕಾಳನ್ನು ಹಿದಕಿ ತೆಗೆದ ಬೇಳೆಯ ಸಾರು. ಹದಿನೈದು ಜನರಿಗೆ ಹಿದಕಿದ ಬೇಳೆ ಎಂದರೆ ಎಷ್ಟು ಕಾಳೆಂದು ತಿಂದ ಗಂಡಸರಲ್ಲಿ ಯಾರೂ ಎಣಿಸಿದ್ದು ನಾನು ಕಾಣೆ. ಕಾರಣವಿಲ್ಲದ ಭೇಟಿಗಳೆಂದು ನಾನು ಹೊಗಳುತ್ತಿರುವ ಈ ಪದ್ಧತಿ ನಿಂತಿದ್ದದ್ದು ಮನೆಯ ಸೊಸೆಯರ ಬೆರಳುಗಳ ಮೇಲೆ. ಅವರಿಗೆ ತವರಿಗೆ ಹೋಗುವ ಸರದಿ ಬರುತ್ತಿದ್ದುದು ನೆಂಟರೆಲ್ಲ ಹೊರಟುಹೋದ ಮೇಲೆ. ಅಷ್ಟರಲ್ಲಿ ಮಕ್ಕಳ ಶಾಲೆ ತೆರೆದಿರುತ್ತಿತ್ತು.

ಆ ರಜ ಯಾರ ಹಬ್ಬದ್ದೋ ಅವರ ಮನೆಯ ಮಾತು ಬೇರೆ. ನನ್ನ ಮೊದಲ ಕೆಲಸದ ಊರಿನಲ್ಲಿ ಮಂಗಳೂರು ಕಡೆಯ ಕ್ರೈಸ್ತ ಸಹೋದ್ಯೋಗಿಯೊಬ್ಬರಿದ್ದರು. ಅವರು ಊರಿಗೆ ಹೋಗಿ ಹಿಂತಿರುಗುವಾಗ ಕುಸ್ವಾರ್ ತರುತ್ತಿದ್ದರು. ನೇವ್ರಿ, ಕಿಡಿಯೊ, ಗುಳಿಯೊ ಮುಂತಾದ ತಿಂಡಿಗಳ ತಟ್ಟೆ. ನೆರೆಯ ಹಿಂದೂ ಮನೆಗಳಿಗೂ ಅದನ್ನು ಹಂಚುವುದು ಕರಾವಳಿಯ ಹಳೆಯ ಕ್ರಮ. ಎರಡು ವಾರಗಳ ನಂತರ ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಅದೇ ತಟ್ಟೆಯಲ್ಲಿ ಹಾಕಿ ನಾವು ಹಿಂದಕ್ಕೆ ಕೊಡುತ್ತಿದ್ದೆವು. ತಟ್ಟೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬುದು ಎರಡು ಮನೆಗಳಿಗೂ ಗೊತ್ತಿದ್ದ ಧರ್ಮ.

ಈಚಿನ ಸ್ಥಿತಿ ಬೇಗ ಹೇಳಬಹುದಾದದ್ದು. ಕೋರ್ಟುಗಳಿಗೆ ಚಳಿಗಾಲದ ಬಿಡುವು ಇಂದಿಗೂ ಉಂಟು. ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಕ್ರಿಸ್‌ಮಸ್ ಒಂದು ದಿನದ ರಜ. ಕಾಲೇಜುಗಳಿಗೆ ಸೆಮಿಸ್ಟರ್ ಬಂದ ಮೇಲೆ ಡಿಸೆಂಬರ್ ಒಂದೊಂದು ಕಡೆ ಪರೀಕ್ಷೆಯ ತಿಂಗಳಾಯಿತು. ವರ್ಷದ ಕೊನೆಯಲ್ಲಿ ರಜ ಹಾಕುವ ಈಗಿನ ತರುಣರು ರೆಸಾರ್ಟಿಗೆ, ಕಡಲತೀರಕ್ಕೆ ಹೋಗುತ್ತಾರೆ. ಹೋಗಲಿ, ದುಡಿದವರಿಗೆ ವಿಶ್ರಾಂತಿ ಬೇಡವೇ? ನೆಂಟರ ಮುಖವನ್ನು ಮೊಬೈಲಿನಲ್ಲಿ ದಿನವೂ ನೋಡಬಹುದಾದಾಗ ರಾತ್ರಿಯೆಲ್ಲ ಚಳಿಯಲ್ಲಿ ಕುಳಿತು ಹೋಗುವುದೇಕೆ ಎಂದು ನನ್ನ ಮಗನೇ ಕೇಳುತ್ತಾನೆ. ನಾನು ಕೊಡುವ ಉತ್ತರ ಅವನಿಗೆ ಒಪ್ಪಿಗೆಯಾಗಿಲ್ಲ. ಫೋನು ಮಾಡಲು ಏನಾದರೊಂದು ವಿಷಯ ಬೇಕು. ಜಗಲಿಯ ಮೇಲೆ ಎದುರುಬದುರು ಕುಳಿತವರಿಗೆ ವಿಷಯ ಬೇಕಿಲ್ಲ. ಒಂದು ಗಂಟೆ ಮಾತೇ ಇಲ್ಲದೆ ಕುಳಿತರೂ ಯಾರೂ ಕೆಟ್ಟಿತೆಂದು ತಿಳಿಯುವುದಿಲ್ಲ.

ಎಂ.ಎ. ಮುಗಿಸಿದ ಮೇಲೆ ನಾವು ಗೆಳೆಯರು ಏಳು ಮಂದಿ ನಾಡಿನ ಏಳು ಊರುಗಳ ಕಾಲೇಜುಗಳಿಗೆ ಚೆದುರಿದೆವು. ವರ್ಷಕ್ಕೊಬ್ಬರ ಮನೆಯಲ್ಲಿ ಈ ರಜದಲ್ಲಿ ಸೇರುವ ಕ್ರಮವನ್ನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಡೆಸಿದೆವು. ಅಧ್ಯಕ್ಷರಿಲ್ಲ, ನಿರ್ಣಯವಿಲ್ಲ, ವಂತಿಗೆಯಿಲ್ಲ. ಒಬ್ಬನ ಹೆಂಡತಿ ಕಾಯಿಲೆ ಬಿದ್ದ ವರ್ಷ ನಾವೇ ಅಡಿಗೆ ಮಾಡಿದೆವು. ಅದನ್ನು ಉಂಡು ಆಕೆ ಎದ್ದು ಕುಳಿತದ್ದು ಊಟದ ರುಚಿಯಿಂದಲ್ಲವೆಂದು ಆಕೆಯೇ ಹೇಳುತ್ತಾರೆ. ಏಳರಲ್ಲಿ ಮೂವರು ಈಗಿಲ್ಲ. ಒಬ್ಬ ಮಗಳೊಡನೆ ಅಮೆರಿಕದಲ್ಲಿದ್ದಾನೆ. ಇನ್ನೊಬ್ಬ ಇಳಿದುಹೋದ ದೃಷ್ಟಿಯಿಂದಾಗಿ ಮನೆ ಬಿಟ್ಟು ಹೊರಡುವುದಿಲ್ಲ. ಆದ್ದರಿಂದ ನಿವೃತ್ತನಾದಮೇಲೆ ನಾನೇ ಒಂದೊಂದು ಬಾಗಿಲಿಗೂ ಹೋಗಿಬರುವ ಪದ್ಧತಿ ಇಟ್ಟುಕೊಂಡಿದ್ದೇನೆ. ಇಲ್ಲದವರ ಮನೆಗಳಿಗೂ ಹೋಗುತ್ತೇನೆ, ಅತ್ತಿಗೆಯರಿದ್ದಾರೆ.

ಕಡೂರಿನ ಕಡೆಯ ಗೆಳೆಯನಿಗೆ ಮೂರು ವರ್ಷಗಳಿಂದ ಮರೆವು. ಕುಮಾರವ್ಯಾಸನನ್ನು ಸಂಧಿ ಸಂಧಿಯಾಗಿ ಬಾಯಲ್ಲಿ ಇಟ್ಟುಕೊಂಡಿದ್ದವನು. ಕಳೆದ ಡಿಸೆಂಬರಿನಲ್ಲಿ ಹೋದಾಗ ನನ್ನ ಕೈಚೀಲವನ್ನು ನೋಡಿ, “ಬಾರಯ್ಯ, ಯಾರ ಮದುವೆ?” ಎಂದ. ಧನುರ್ಮಾಸದಲ್ಲಿ ಮದುವೆಯೇ ಎಂದೆ. “ಮತ್ತೇನು, ಯಾರಾದರೂ ಹೋದರೇನು?” ಎಂದು ದನಿ ತಗ್ಗಿಸಿದ. ಯಾರೂ ಹೋಗಿಲ್ಲ, ಸುಮ್ಮನೆ ನಿನ್ನನ್ನು ನೋಡಲು ಬಂದೆ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಒಳಗಿನ ಕಡೆ ತಿರುಗಿ, ಇವರು ಸುಮ್ಮನೆ ಬಂದಿದ್ದಾರಂತೆ, ಹಿದಕಿದ ಬೇಳೆ ಮಾಡಬೇಕು ಎಂದು ಕೂಗಿ ಹೇಳಿದ. ಅತ್ತಿಗೆ ಅವರೆಕಾಯಿಯ ಮೊರವನ್ನೂ ಒಂದು ಪಾತ್ರೆಯನ್ನೂ ತಂದು ನಮ್ಮಿಬ್ಬರ ನಡುವೆ ಇಟ್ಟು, ಈ ಸಲ ನೀವೇ ಸುಲಿಯಿರಿ ಎಂದರು. ಸುಲಿದೆವು, ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು. ಕೈ ಮಾತ್ರ ಅವನದು ಏನನ್ನೂ ಮರೆತಿಲ್ಲ. ಹುಳುಕಿನ ಕಾಯನ್ನು ನನಗಿಂತ ಬೇಗ ಗುರುತಿಸುತ್ತಿದ್ದ. ಮಾರನೆಯ ದಿನ ಬೆಳಿಗ್ಗೆ ಹೊರಟಾಗ ಗೇಟಿನವರೆಗೆ ಬಂದು, ಮದುವೆ ಯಾರದೆಂದು ಇನ್ನೊಮ್ಮೆ ಕೇಳಿದ.